ನನ್ನ ಮಗಳ ಪಿ.ಡಿ. ಮೇಡಂ

ಆ ಹೆಂಗಸನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಹೋದ ತಿಂಗಳು ಕಾಲೇಜಿನಲ್ಲಿ ಅವರ ಶ್ರದ್ಧಾಂಜಲಿ ಸಭೆ ಇಟ್ಟಾಗ ಯಾರೋ ನನ್ನ ಮುಂದೆಯೂ ಮೈಕು ಹಿಡಿದು ನೀವೂ ಎರಡು ಮಾತು ಹೇಳಿ ಎಂದರು. ನಾನು ಕೈಯಾಡಿಸಿ ಬೇಡವೆಂದೆ. ದುಃಖಕ್ಕೆ ಗಂಟಲು ಕಟ್ಟಿದೆ ಎಂದುಕೊಂಡು ಪಕ್ಕದವರು ನೀರಿನ ಬಾಟಲಿ ಕೊಟ್ಟರು. ಗಂಟಲು ಚೆನ್ನಾಗಿಯೇ ಇತ್ತು. ಬಾಯಿ ತೆರೆದಿದ್ದರೆ ಇಲ್ಲಿ ಮೊದಲ ಸಾಲಿನಲ್ಲಿ ಬರೆದ ಆ ಮಾತೇ ಹೊರಗೆ ಬೀಳುತ್ತಿತ್ತು, ಅಷ್ಟೆ.

ಮಾತಾಡಿದವರೆಲ್ಲ ತ್ಯಾಗಮಯಿ ಎಂದರು, ಶಿಸ್ತಿನ ಸಿಪಾಯಿ ಎಂದರು. ಹಾರ ಹಾಕಿದ ಫೋಟೋ ನೋಡಿದರೆ ಅದು ಅವರದೇ ಅನ್ನಿಸುತ್ತಿರಲಿಲ್ಲ. ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಯಾರದೋ ಮದುವೆಯಲ್ಲಿ ತೆಗೆದದ್ದಿರಬೇಕು. ನಾನು ಕಂಡವರು ಬೇರೆ. ಗಿಡ್ಡ ಆಳು, ಸಲ್ವಾರಿನ ಕೆಳಗೆ ಆಟದ ಬೂಟು, ದುಪಟ್ಟಾ ಎದೆಯ ಮೇಲೆ ಅಡ್ಡ ಹಾಯ್ದು ಸೊಂಟದ ಹತ್ತಿರ ಗಂಟು. ಸೀಟಿ ಕೊರಳಲ್ಲಿ ಇರುತ್ತಿರಲಿಲ್ಲ, ಕೂದಲಿಗೆ ಹಾಕುವ ಕಪ್ಪು ರಬ್ಬರ್ ಬ್ಯಾಂಡಿನಿಂದ ಮಣಿಕಟ್ಟಿಗೆ ಸಿಕ್ಕಿಸಿಕೊಂಡಿರುತ್ತಿದ್ದರು. ಕಾಲೇಜಿನಲ್ಲಿ ಆಟ ಆಡಿಸುವ ಫಿಸಿಕಲ್ ಡೈರೆಕ್ಟರ್ ಅವರು. ಹುಡುಗಿಯರ ಬಾಯಲ್ಲಿ ಪಿ.ಡಿ. ಮೇಡಂ. ಸಿಕಂದರಾಬಾದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ತೆಲುಗಿನವರು, ಮದುವೆಯಾಗಿರಲಿಲ್ಲ.

ನಮ್ಮ ಮನೆ ಹೈದರಾಬಾದಿನ ತಾರ್ನಾಕದಲ್ಲಿ. ಮಾವನವರ ತಂದೆ ಕಲಬುರಗಿ ಕಡೆಯಿಂದ ಸರ್ಕಾರಿ ನೌಕರಿಗೆಂದು ಇಲ್ಲಿಗೆ ಬಂದವರು, ಆಮೇಲೆ ಯಾರೂ ಹಿಂದಿರುಗಲಿಲ್ಲ. ನಾನೂ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಆಗ ಮನೆಯಲ್ಲಿ ಅತ್ತೆಯವರು, ನಾನು, ಮಗಳು, ಮೂವರೇ. ಆಫೀಸಿನಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಚಪ್ಪಲಿ ಬಿಟ್ಟು ಒಳಗೆ ಬಂದರೆ ಕನ್ನಡ. ಹಾಗೆಂದು ನನ್ನ ಆಸೆ. ನಮ್ಮ ಒಬ್ಬಳೇ ಮಗಳು ಅಶ್ವಿನಿ ಮಾತ್ರ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುತ್ತ ಬೆಳೆದಳು. ಅವಳ ಪ್ರಕಾರ ಕನ್ನಡ ಅಜ್ಜಿಗೆ ಮಾತ್ರ, ಅದೂ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ. ನಾನು ಗದರಿ ನೋಡಿದೆ, ಆಸೆ ತೋರಿಸಿ ನೋಡಿದೆ, ಕನ್ನಡದಲ್ಲಿ ಕೇಳುವ ತನಕ ಊಟ ಬಡಿಸುವುದಿಲ್ಲ ಎಂದು ಹಟ ಹಿಡಿದೆ. ಅವಳು ತಾನೇ ಬಡಿಸಿಕೊಂಡು ತಿಂದಳು.

ಇಂಥ ಹುಡುಗಿ ಫುಟ್‌ಬಾಲಿಗೆ ಸೇರಿದ್ದೇ ಒಂದು ತಮಾಷೆ. ಡಿಗ್ರಿ ಎರಡನೇ ವರ್ಷ. ಸಿಟಿ ಬಸ್ಸಿನ ಹಿಂದೆ ಪುಸ್ತಕದ ಚೀಲ ಎದೆಗೊತ್ತಿಕೊಂಡು ಓಡುತ್ತಿದ್ದವಳನ್ನು ಆ ಮೇಡಂ ಕಾಲೇಜಿನ ಗೇಟಿನ ಬಳಿ ನಿಂತು ನೋಡಿದರಂತೆ. ಮರುದಿನ ಕ್ಲಾಸಿನಿಂದ ಕರೆಸಿ, ಬಸ್ಸು ಹಿಡಿಯುವವಳು ಚೆಂಡನ್ನೂ ಹಿಡಿಯುತ್ತಾಳೆ, ನಾಳೆಯಿಂದ ಬಾ ಎಂದರಂತೆ. ನನ್ನ ಮನೆಯಲ್ಲಿ ಒಂದು ಲೋಟ ನೀರು ತಾ ಎಂದರೆ ಮೂರು ಸಲ ಉಸಿರು ಬಿಡುತ್ತಿದ್ದವಳು ಬೆಳಗಿನ ಕತ್ತಲಲ್ಲೇ ಎದ್ದು ಯೂನಿವರ್ಸಿಟಿ ಮೈದಾನಕ್ಕೆ ಹೊರಟಳು. ಎಬ್ಬಿಸುವ ಕೆಲಸವೂ ನನಗೆ ಉಳಿಯಲಿಲ್ಲ. ಖುಷಿಪಡಬೇಕಿತ್ತು. ಪಡಲಿಲ್ಲ. ಯಾರೋ ಒಂದೇ ಮಾತಿನಲ್ಲಿ ಮಾಡಿಸಿದ್ದನ್ನು ನಾನು ಇಪ್ಪತ್ತು ವರ್ಷ ಗಂಟಲು ಹರಿದುಕೊಂಡರೂ ಮಾಡಿಸಲಾಗಲಿಲ್ಲವಲ್ಲ ಎಂದು ಕುದಿಯುತ್ತಿದ್ದೆ.

ರೊಟ್ಟಿಯದೂ ಇದೇ ಕಥೆ. ಜೋಳದ ರೊಟ್ಟಿ ಎಂದರೆ ಮೂಗು ಮುರಿಯುತ್ತಿದ್ದಳು. ಒಂದು ದಿನ ಬಂದು ಅಧಿಕಾರವಾಣಿಯಲ್ಲಿ ಹೇಳಿದಳು: ಮ್ಯಾಚಿನ ಹಿಂದಿನ ದಿನ ರೊಟ್ಟಿ ತಿಂದರೆ ದಮ್ಮು ಬರುತ್ತದೆ, ಮೇಡಂ ಹೇಳಿದ್ದಾರೆ, ಎಲ್ಲರಿಗೂ ಮಾಡಿಕೊಡು. ನಾನು ಹೇಳಿದಾಗ ಅದು ಹಳ್ಳಿಯವರ ಊಟ. ಆ ಹೆಂಗಸು ಹೇಳಿದಾಗ ದಮ್ಮು. ಹಲ್ಲು ಕಚ್ಚಿಕೊಂಡು ಬಡಿದೆ, ಶೇಂಗಾ ಚಟ್ನಿ ಕುಟ್ಟಿದೆ, ಡಬ್ಬಿ ಕಟ್ಟಿಕೊಂಡು ಭಾನುವಾರ ಬೆಳಿಗ್ಗೆ ಮೈದಾನಕ್ಕೆ ನಾನೇ ಹೋದೆ.

ಗೇಟಿನ ಹೊರಗೇ ಗಲಾಟೆ ಕೇಳಿಸಿತು. ತಡೀ, ತಡೀ, ಅತ್ತಾಗ ಒಗಿ, ಸುಮ್ಮಕಿರು, ಬಿಡು, ಬಿಡು. ಕಲಬುರಗಿಯ ಯಾವುದೋ ಮನೆಯವರು ಇಲ್ಲಿಗೆ ಬಂದು ಜಗಳ ಹಚ್ಚಿದ್ದಾರೆ ಎಂದುಕೊಂಡೆ. ಒಳಗೆ ಹೋಗಿ ನೋಡಿದರೆ ಕೆಸರು ಮೆತ್ತಿದ ಹುಡುಗಿಯರು. ತೆಲುಗಿನವರು, ಉರ್ದು ಮನೆಮಾತಿನವರು, ಒಬ್ಬಳು ಮಲಯಾಳಿ, ಎಲ್ಲರ ಬಾಯಲ್ಲೂ ನಮ್ಮ ಮನೆಯ ಕನ್ನಡ. ಎಲ್ಲರಿಗಿಂತ ಜೋರಾಗಿ ಒದರುತ್ತಿದ್ದವಳು ನನ್ನ ಮಗಳು.

ಅದರ ಹಿಂದಿನ ಉಪಾಯವನ್ನು ಮೇಡಂ ಆಮೇಲೆ ರೊಟ್ಟಿ ಮುರಿಯುತ್ತ ಹಿಂದಿಯಲ್ಲಿ ವಿವರಿಸಿದರು. ಹೈದರಾಬಾದಿನಲ್ಲಿ ತೆಲುಗಿನಲ್ಲಿ ಕೂಗಿದರೂ ಹಿಂದಿಯಲ್ಲಿ ಕೂಗಿದರೂ ಇಂಗ್ಲಿಷಿನಲ್ಲಿ ಕೂಗಿದರೂ ಎದುರು ತಂಡಕ್ಕೆ ತಿಳಿದುಹೋಗುತ್ತದೆ. ಅಶ್ವಿನಿ ಒಮ್ಮೆ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಇವರ ಕಿವಿಗೆ ಬಿದ್ದಿದೆ. ಒಂದು ಅಕ್ಷರವೂ ಅರ್ಥವಾಗಲಿಲ್ಲ, ಅದಕ್ಕೇ ಇಷ್ಟವಾಯಿತು ಎಂದರು. ಎಡ ಎಂಬ ಮಾತನ್ನು ಮಾತ್ರ ಬೇಡವೆಂದರಂತೆ, ತೆಲುಗಿನಲ್ಲೂ ಎಡಮ ಎನ್ನುತ್ತಾರೆ, ಊಹಿಸಿಬಿಡುತ್ತಾರೆ ಎಂದು. ಉಳಿದದ್ದೆಲ್ಲ ಅಶ್ವಿನಿ ಕೊಟ್ಟದ್ದು. ತಡಿ ಎಂದರೆ ಚೆಂಡು ಕಾಲಲ್ಲೇ ಇಟ್ಟುಕೋ. ಒಗಿ ಎಂದರೆ ದೂರ ಹೊಡಿ. ಸುಮ್ಮಕಿರು ಎಂದರೆ ಜಾಗ ಬಿಡಬೇಡ. ಬಿಡು ಎಂದರೆ ಚೆಂಡಿನ ತಂಟೆಗೆ ಹೋಗಬೇಡ, ಗೋಲ್‌ಕೀಪರ್ ನೋಡಿಕೊಳ್ಳುತ್ತಾಳೆ. ಎಲ್ಲವೂ ನಾನು ಅಡುಗೆಮನೆಯಲ್ಲಿ ನಿಂತು ದಿನಾ ಆ ಹುಡುಗಿಯ ಮೇಲೆ ಎರಚುವ ಮಾತುಗಳೇ. ನನ್ನಿಂದ ಬಂದಾಗ ಕಿವಿಗೆ ಹಾಕಿಕೊಳ್ಳದವಳು ಈಗ ಅದೇ ಮಾತಿಗೆ ಪ್ರಾಣ ಬಿಟ್ಟು ಓಡುತ್ತಿದ್ದಳು.

ಹೆದರಬೇಡ ಮುಂದೆ ನುಗ್ಗು ಎನ್ನುವುದಕ್ಕೆ ನಿಮ್ಮಲ್ಲಿ ಒಂದೇ ಒಂದು ಚಿಕ್ಕ ಮಾತಿದ್ದರೆ ಕೊಡಿ ಎಂದು ಮೇಡಂ ನನ್ನನ್ನೇ ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದೆ. ಹೇಳಲಿಲ್ಲ. ಯಾಕೆ ಹೇಳಬೇಕು? ಇದ್ದದ್ದನ್ನೆಲ್ಲ ಕೇಳದೇ ಒಯ್ದಿದ್ದಾರೆ, ಇದೊಂದಾದರೂ ನನ್ನ ಹತ್ತಿರ ಇರಲಿ ಎನ್ನಿಸಿತು.

ಆ ವರ್ಷ ಅಂತರಕಾಲೇಜು ಪಂದ್ಯಗಳಲ್ಲಿ ಹುಡುಗಿಯರು ಒಂದರ ಮೇಲೊಂದು ಗೆದ್ದರು. ಎದುರಿನವರು ಇದು ತಮಿಳು ಎಂದರು, ಮರಾಠಿ ಎಂದರು, ಒಬ್ಬ ಕೋಚ್ ಏನೋ ಮಂತ್ರ ಹೇಳುತ್ತಾರೆ ಎಂದನಂತೆ. ನಾನು ರಜೆ ಹಾಕಿ ಹಾಕಿ ಹೋಗುತ್ತಿದ್ದೆ. ಆಟ ನೋಡಲು ಅಂತ ಮನೆಯಲ್ಲಿ ಹೇಳುತ್ತಿದ್ದೆ, ಹೋಗುತ್ತಿದ್ದದ್ದು ಆ ಹೆಂಗಸನ್ನು ಕಾಯಲು. ಮ್ಯಾಚಿಗೆ ಮುಂಚೆ ಹುಡುಗಿಯರು ಸಾಲಾಗಿ ನಿಂತು ಓಲೆ, ಮೂಗುಬಟ್ಟು, ಸರ ಬಿಚ್ಚಿ ಅವರ ಅಂಗೈಯಲ್ಲಿ ಇಡುತ್ತಿದ್ದರು. ಮೈಮೇಲೆ ಬಂಗಾರವಿದ್ದರೆ ರೆಫ್ರಿ ಆಡಲು ಬಿಡುವುದಿಲ್ಲ. ಅವರು ಎಲ್ಲವನ್ನೂ ದುಪಟ್ಟಾದ ಸೆರಗಿಗೆ ಒಂದೊಂದು ಗಂಟಾಗಿ ಕಟ್ಟಿಕೊಳ್ಳುತ್ತಿದ್ದರು, ಯಾವ ಗಂಟು ಯಾರದು ಎಂದು ಒಮ್ಮೆಯೂ ತಪ್ಪಲಿಲ್ಲ. ನನ್ನ ತವರಿನ ಬೆಂಡೋಲೆಯನ್ನು ಪಾಲಿಶ್ ಮಾಡಿಸಲು ಬಿಚ್ಚಿಕೊಡು ಎಂದರೆ ಅಶ್ವಿನಿ ನನ್ನ ಕೈಗೆ ಕೊಟ್ಟವಳಲ್ಲ. ಅಲ್ಲಿ ಕೇಳುವ ಮುಂಚೆಯೇ ಕೊಡುತ್ತಿದ್ದಳು. ಆಟ ಮುಗಿಯುವ ತನಕ ನನ್ನ ಅವ್ವನ ಓಲೆ ಆ ಹೆಂಗಸಿನ ಸೊಂಟದ ಬಳಿ ತೂಗಾಡುವುದನ್ನು ನೋಡುತ್ತ ಕೂರಬೇಕಾಗಿತ್ತು ನಾನು.

ಅವರ ಇನ್ನೊಂದು ಚಾಳಿ, ತಮ್ಮವರು ಗೋಲು ಹೊಡೆದ ಕೂಡಲೇ ಬೆನ್ನು ತಿರುಗಿಸಿ ಕಾಂಪೌಂಡ್ ಗೋಡೆ ನೋಡುತ್ತ ನಿಲ್ಲುವುದು. ಇದೆಂಥ ಬಿಗುಮಾನ ಎಂದು ನಾನು ಕೇಳಿಯೇಬಿಟ್ಟೆ. ಗೋಲಿನ ನಂತರ ನನ್ನ ಮುಖ ನೋಡಿಬಿಟ್ಟರೆ ಮುಂದಿನದನ್ನು ನನ್ನ ಮುಖಕ್ಕಾಗಿ ಆಡುತ್ತಾರೆ, ಅದು ಬೇಡ ಎಂದರು. ಅಯ್ಯೋ ತಾಯಿ, ನೀನು ಬೆನ್ನು ತೋರಿಸಿದರೂ ಅವರು ನಿನಗಾಗಿಯೇ ಆಡುತ್ತಿದ್ದಾರೆ ಎಂದು ಬಾಯಿಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಸೆಮಿಫೈನಲ್ ಗಚ್ಚಿಬೌಲಿಯ ಸ್ಟೇಡಿಯಮ್ಮಿನಲ್ಲಿತ್ತು. ಹುಡುಗಿ ಏನು ಕಡಿದು ಕಟ್ಟೆ ಹಾಕುತ್ತಾಳೋ ನಾನೂ ನೋಡಬೇಕು ಎಂದು ಅತ್ತೆಯವರು ಹಟ ಹಿಡಿದರು. ಕ್ಯಾಬಿನಲ್ಲಿ ಕರೆದುಕೊಂಡು ಹೋಗಿ ಗೆರೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ನಮ್ಮ ಅತ್ತೆಯವರ ದನಿ ಸಾಮಾನ್ಯವಲ್ಲ. ಮೂರನೇ ಮಹಡಿಯಿಂದ ಕೂಗಿದರೆ ರಸ್ತೆಯ ಕೊನೆಯ ತರಕಾರಿ ಗಾಡಿಯವನು ನಿಂತುಬಿಡುತ್ತಾನೆ.

ಎರಡೂ ಕಡೆ ಗೋಲಿಲ್ಲ, ಆಟ ಮುಗಿಯಲು ಬಂದಿತ್ತು. ಎದುರು ತಂಡದ ಎತ್ತರದ ಹುಡುಗಿಯೊಬ್ಬಳು ಚೆಂಡು ತಳ್ಳಿಕೊಂಡು ನಮ್ಮ ಗೋಲಿನ ಕಡೆ ನುಗ್ಗಿದಳು. ಅವಳ ಕಾಲಿಗೆ ಅಡ್ಡ ಬೀಳುವಂತೆ ಅಶ್ವಿನಿ ಓಡಿದಳು. ಮೊಮ್ಮಗಳ ಕಾಲು ಮುರಿದೇ ಹೋಯಿತೆಂದು ಅತ್ತೆಯವರು ಕುರ್ಚಿಯಿಂದ ಎದ್ದರು.

"ಬಿಡವ್ವಾ, ಬಿಡು, ಬಿಡು, ಕಾಲ್ ಮುರ್ಕೊಂತಿ!"

ಮೈದಾನಕ್ಕೆಲ್ಲ ಕೇಳಿಸಿತು. ಅಶ್ವಿನಿಯ ಕಾಲು ತಾನಾಗಿಯೇ ನಿಂತುಹೋಯಿತು. ಅವಳ ಹಿಂದೆ ಬರುತ್ತಿದ್ದ ಇನ್ನಿಬ್ಬರೂ ನಿಂತರು. ತಿಂಗಳುಗಟ್ಟಲೆ ಹಾಗೆ ತರಬೇತಾಗಿತ್ತು, ಆ ಮಾತು ಬಿದ್ದರೆ ನೋಡದೆ, ಯೋಚಿಸದೆ ನಿಲ್ಲಬೇಕು. ಗೋಲ್‌ಕೀಪರ್ ಹುಡುಗಿ ತಾನು ಕೂಗದಿದ್ದ ಬಿಡು ಎಲ್ಲಿಂದ ಬಂತೆಂದು ಮೇಡಂ ಕಡೆ ತಿರುಗಿದಳು. ಅಷ್ಟು ಸಾಕಾಯಿತು. ಚೆಂಡು ಅವಳ ಪಕ್ಕದಿಂದ ಉರುಳಿಕೊಂಡು ಒಳಗೆ ಹೋಯಿತು, ಆ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಬಿಡು ಎಂದು ಕೂಗಿದವರು ಯಾರು ಎಂದು ಪ್ರಿನ್ಸಿಪಾಲರು ಕೇಳಿದ್ದಕ್ಕೆ ಮೇಡಂ ನಾನೇ ಎಂದರಂತೆ. ಅದನ್ನು ಕೇಳಿ ನನ್ನ ಹೊಟ್ಟೆಯುರಿ ಇನ್ನೂ ಹೆಚ್ಚಾಯಿತು. ನಮ್ಮ ಮನೆಯ ಮಾತು ಒಯ್ದದ್ದಾಯಿತು, ಈಗ ನಮ್ಮ ಮನೆಯ ತಪ್ಪನ್ನೂ ತಮ್ಮದೆಂದು ಎತ್ತಿಕೊಂಡರು. ಮನೆಯಲ್ಲಿ ಅಶ್ವಿನಿ ಅಜ್ಜಿಯ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಅತ್ತೆಯವರು ತಟ್ಟೆ ಸರಿಸಿ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಇವಳನ್ನು ಬೈದೆ, ಅವರನ್ನು ರಮಿಸಿದೆ, ಆಮೇಲೆ ಇಬ್ಬರನ್ನೂ ಬೈದೆ. ಏನೂ ಆಗಲಿಲ್ಲ. ನನ್ನ ಕೈಲಿ ಇದು ಸರಿಹೋಗದಿದ್ದರೆ ನಾನು ಈ ಮನೆಯಲ್ಲಿ ಯಾತಕ್ಕೆ ಇದ್ದೇನೆ ಎನ್ನಿಸಿತ್ತು.

ಭಾನುವಾರ ಮೇಡಂ ಮನೆಗೆ ಬಂದರು. ಬೂಟು ಬಾಗಿಲಲ್ಲಿ ಬಿಚ್ಚಿ ನೇರ ಅತ್ತೆಯವರ ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತರು. ಬೈಸಿಕೊಳ್ಳಲು ತಯಾರಾಗಿ ಅತ್ತೆಯವರು ಸೆರಗು ಬಿಗಿಮಾಡಿಕೊಂಡರು. ಮೇಡಂ ಕನ್ನಡದಲ್ಲಿ ಮಾತಾಡಿದರು, ತಡೆದು ತಡೆದು, ಆದರೆ ಥೇಟ್ ನನ್ನ ರಾಗದಲ್ಲಿ, ಅಶ್ವಿನಿಯಿಂದ ಕಲಿತದ್ದಿರಬೇಕು.

"ಅಜ್ಜಿ, ನೀವು ಒದರಿದ್ದು ಬರೋಬ್ಬರಿ ಐತ್ರಿ. ಮಾತು ಕೇಳಬೇಕು ಅಂತ ನಾ ಹುಡುಗ್ಯಾರಿಗೆ ಕಲಿಸೀನಿ. ಯಾರ ಮಾತು ಅಂತ ನೋಡಾಕ ಕಲಿಸಲಿಲ್ಲ. ತಪ್ಪು ನಂದ."

ಕೋಣೆಯ ಬಾಗಿಲು ತೆರೆಯಿತು. ಅಶ್ವಿನಿ ಬಂದು ಮೇಡಂ ಪಕ್ಕದಲ್ಲಿ ಕೂತು ಮಂಚಕ್ಕೆ ತಲೆ ಆನಿಸಿದಳು. ಅತ್ತೆಯವರ ಕೈ ಅವಳ ಕೂದಲಿಗೆ ಹೋಯಿತು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಕಣ್ಣೀರು ಹಾಕಿದೆನೆಂದು ನೀವು ತಿಳಿದರೆ ತಪ್ಪು, ಜರಡಿಯನ್ನು ಕಟ್ಟೆಗೆ ಬಡಿದದ್ದು ಸಿಟ್ಟಿಗೆ. ನನ್ನ ಮನೆಯಲ್ಲಿ, ನನ್ನ ಅತ್ತೆ ಮತ್ತು ನನ್ನ ಮಗಳ ನಡುವೆ, ನಾನು ನಾಲ್ಕು ದಿನ ಹೊಯ್ದಾಡಿ ಸೋತದ್ದನ್ನು ಈಕೆ ಚಹಾ ಬರುವ ಮುಂಚೆ ಮುಗಿಸಿದ್ದರು. ಅವತ್ತಿನಿಂದ ಅತ್ತೆಯವರು ಹೋಳಿಗೆ ಮಾಡಿಸಿದಾಗಲೆಲ್ಲ ಆ ಪಿ.ಡಿ. ಬಾಯಿಯವರಿಗೆ ತೆಗೆದಿಟ್ಟೆಯಾ ಎಂದು ಕೇಳುವುದು ಶುರುವಾಯಿತು. ಮನೆಯಲ್ಲಿ ಉಳಿದಿದ್ದ ಇನ್ನೊಬ್ಬರೂ ಅವರ ಕಡೆ ಹೋದರು.

ಮುಂದಿನ ವರ್ಷ ಅವರು ಹುಡುಗಿಯರ ಕಣ್ಣಿಗೆ ದುಪಟ್ಟಾ ಕಟ್ಟಿ, ಒಬ್ಬೊಬ್ಬರಿಂದ ಕೂಗಿಸಿ, ಯಾರ ದನಿ ಹೇಳಿ ಎಂದು ಅಭ್ಯಾಸ ಮಾಡಿಸಿದರಂತೆ. ಟ್ರೋಫಿಯೇನೂ ಬರಲಿಲ್ಲ. ಅಶ್ವಿನಿಯ ಡಿಗ್ರಿ ಮುಗಿಯಿತು, ಬಿ.ಎಡ್. ಮಾಡಿ ನಿಜಾಮಾಬಾದಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಆಟ ಬಿಟ್ಟಿತು, ಮೇಡಂ ಬಿಡಲಿಲ್ಲ. ಏನೇ ಆದರೂ ಮೊದಲ ಫೋನು ಅಲ್ಲಿಗೆ. ಕೆಲಸ ಸಿಕ್ಕ ಸುದ್ದಿ ಮೊದಲು ಅವರಿಗೆ. ಬಾಡಿಗೆ ಮನೆಯಲ್ಲಿ ಜ್ವರ ಬಂದು ಮಲಗಿದ್ದು ಮೊದಲು ಅವರಿಗೆ. ಇದು ನನಗೆ ಹೇಗೆ ಗೊತ್ತು ಎಂದರೆ ಅವರೇ ಹೇಳುತ್ತಿದ್ದರು. ಅಶ್ವಿನಿಯ ಫೋನು ಬರುವುದಕ್ಕೆ ಸ್ವಲ್ಪ ಮುಂಚೆ ಅವರ ಫೋನು ಬರುತ್ತಿತ್ತು.

ಹುಡುಗನ ವಿಷಯ ಬಂದಾಗಲೂ ಹಾಗೆಯೇ, ಮೊದಲು ಮೇಡಂ ಫೋನು ಬಂತು.

"ಅಮ್ಮಾ, ಅಶ್ವಿನಿ ಈಗ ಫೋನ್ ಮಾಡತಾಳ. ಒಬ್ಬ ಹುಡುಗನ್ನ ಮೆಚ್ಚ್ಯಾಳ, ತೆಲುಗಿನವರು. ನಿಮಗ ಗೊತ್ತಿಲ್ಲದಂಗ ಇರ್ರಿ. ಜಾತಿ ಆಮ್ಯಾಲ ಕೇಳ್ರಿ, ಮೊದ್ಲ ಹುಡುಗನ ಹೆಸರು ಕೇಳ್ರಿ."

ಫೋನಿಟ್ಟ ಮೇಲೆ ಉರಿದುರಿದು ಬಿದ್ದೆ. ಆದರೆ ಮಗಳ ಫೋನು ಬಂದಾಗ ಅವರು ಹೇಳಿಕೊಟ್ಟದ್ದನ್ನೇ ಒಪ್ಪಿಸಿದೆ. ಹೆಸರೇನವ್ವ ಹುಡುಗನದು ಎಂದೆ. ಹೆಸರು ಹೇಳಿದಳು. ಆಮೇಲೆ, ಮಮ್ಮಿ ನೀ ಭಾಳ ಛಲೋ ಅದಿ, ನಾ ಸುಮ್ಮಸುಮ್ಮನ ಹೆದರಿದ್ದೆ ಎಂದು ಕನ್ನಡದಲ್ಲೇ ಹೇಳಿ ಅತ್ತಳು. ಮಗಳ ಬಾಯಲ್ಲಿ ಅಷ್ಟು ಒಳ್ಳೆಯ ಮಾತು ನಾನು ಎಂದೂ ಕೇಳಿರಲಿಲ್ಲ. ಅದೂ ನನಗೆ ಸಲ್ಲಬೇಕಾದದ್ದಲ್ಲ. ಆ ಹೆಂಗಸಿಗೆ ಸಲ್ಲಬೇಕಾದದ್ದು ವಿಳಾಸ ತಪ್ಪಿ ನನ್ನಲ್ಲಿಗೆ ಬಂದಿತ್ತು.

ಮದುವೆ ಆಯಿತು. ಮೇಡಂ ಬೂಟು ಹಾಕಿಕೊಂಡೇ ಬಂದು ಊಟದ ಪಂಕ್ತಿಯಲ್ಲಿ ಓಡಾಡಿ ಬಡಿಸಿದರು. ಅದಾದ ಮೇಲೆ ಒಂದು ಸಲ, ಅಶ್ವಿನಿ ಬಸುರಿ ಎಂಬ ಸುದ್ದಿಯೂ ಅವರ ಬಾಯಿಂದಲೇ ನನಗೆ ಮೊದಲು ಬಂದಾಗ, ನಾನು ತಡೆಯಲಾರದೆ ಫೋನಿನಲ್ಲಿ ಜಗಳ ತೆಗೆದೆ. ಇದು ತಾಯಿಗೆ ಮೊದಲು ಹೇಳುವ ಸುದ್ದಿ, ನೀವು ನಡುವೆ ಯಾಕೆ ಬರುತ್ತೀರಿ, ನಿಮ್ಮ ಮನೆಯಲ್ಲಿ ಮಕ್ಕಳಿಲ್ಲದಿದ್ದರೆ ನನ್ನ ಮಗಳೇ ಬೇಕಿತ್ತೇ ಎಂದುಬಿಟ್ಟೆ. ಅವರು ಫೋನು ಇಡಲಿಲ್ಲ, ಸಿಟ್ಟು ಮಾಡಲಿಲ್ಲ. ಸೋಂಪು ಅಗಿಯುವ ಸದ್ದು ಕೇಳಿಸುತ್ತಿತ್ತು. ಅವರ ಬಾಯಲ್ಲಿ ಯಾವಾಗಲೂ ಸೋಂಪು ಇರುತ್ತಿತ್ತು.

"ನಾ ನಡುವ ಇಲ್ರಿ ಅಮ್ಮಾ," ಎಂದರು. "ಅಕಿ ನನ್ನ ಕೂಡ ಪ್ರಾಕ್ಟೀಸ್ ಮಾಡತಾಳ. ಮ್ಯಾಚು ನಿಮ್ಮ ಕೂಡ ಐತಿ. ಅದಕ್ಕ ಹೆದರತಾಳ."

ಫೋನಿಟ್ಟೆ. ಮಾತು ಖರೆಯಾದರೂ ಸಮಾಧಾನವೇನೂ ಆಗಲಿಲ್ಲ. ಪ್ರಾಕ್ಟೀಸಿನಲ್ಲಿ ನಗುತ್ತಾರೆ, ಬೀಳುತ್ತಾರೆ, ಕೆಸರಾಗುತ್ತಾರೆ, ಒಂದೇ ಡಬ್ಬಿಯಲ್ಲಿ ತಿನ್ನುತ್ತಾರೆ. ಮ್ಯಾಚಿಗೆ ಹುಡುಗಿಯರು ಕೈ ತಣ್ಣಗಾಗಿ ಬರುತ್ತಾರೆ. ಒಂದೇ ಒಂದು ಸಲ ನನ್ನ ಮಗಳು ತಯಾರಾಗದೆ, ಏನು ಹೇಳಬೇಕೆಂದು ಯೋಚಿಸದೆ ನನ್ನ ಹತ್ತಿರ ಬರಲಿ ಎಂದು ನನಗೂ ಇತ್ತು. ಆ ಹೆಂಗಸು ಇರುವ ತನಕ ಅದು ಆಗುವುದಿಲ್ಲ ಎಂದೂ ಗೊತ್ತಿತ್ತು. ಮೊಮ್ಮಗ ಹುಟ್ಟಿದ, ಅವರು ರಿಟೈರಾದರು, ಫೋನಿನ ಕ್ರಮ ಮಾತ್ರ ಬದಲಾಗಲಿಲ್ಲ. ಮೊದಲು ಅವರದು, ಆಮೇಲೆ ಮಗಳದು.

ಈ ಜನವರಿಯಲ್ಲಿ, ನುಮಾಯಿಷ್ ವಸ್ತುಪ್ರದರ್ಶನ ಶುರುವಾಗಿ ನಾಂಪಲ್ಲಿಯಲ್ಲಿ ಕಾಲಿಡಲು ಜಾಗವಿಲ್ಲದ ದಿನಗಳಲ್ಲಿ, ಮಧ್ಯಾಹ್ನ ಊಟದ ಡಬ್ಬಿ ತೆರೆದು ಕೂತಿದ್ದೆ. ಅಶ್ವಿನಿಯ ಫೋನು ಬಂತು. ಏನೋ ಸಣ್ಣ ವಿಷಯ, ಮಗುವಿನ ಕೆಮ್ಮಿಗೆ ಕಷಾಯ ಕೇಳುತ್ತಾಳೆ ಎಂದುಕೊಂಡೆ. ದೊಡ್ಡ ವಿಷಯವಾಗಿದ್ದರೆ ಮುಂಚೆ ಆ ಹೆಂಗಸಿನ ಫೋನು ಬರುತ್ತಿತ್ತಲ್ಲ.

"ಮಮ್ಮಿ, ಮೇಡಂ ಹೋಗಿಬಿಟ್ರು. ಮುಂಜಾನೆ ಎದಿನೋವು ಬಂತಂತ. ಅವರ ತಮ್ಮ ಈಗ ಹೇಳಿದ್ರು. ನಾ ಇನ್ನೂ ಯಾರಿಗೂ ಹೇಳಿಲ್ಲ. ನಿನಗ ಮೊದ್ಲ ಮಾಡೀನಿ."

ಎದ್ದು ವರಾಂಡಕ್ಕೆ ಬಂದೆ. ಇಷ್ಟು ವರ್ಷ ನನಗೆ ಬೇಕು, ನನಗೇ ಬೇಕು ಎಂದು ಹೊಟ್ಟೆ ಉರಿದುಕೊಂಡ ಮೊದಲ ಫೋನು ಅದು. ಅವಳು ಬಿಕ್ಕುತ್ತಿದ್ದಳು, ನಾನು ಏನಾದರೂ ಹೇಳಲೆಂದು ನಡುನಡುವೆ ತಡೆದು ಕಾಯುತ್ತಿದ್ದಳು. ಏನು ಹೇಳಬೇಕು, ಏನು ಹೇಳಬಾರದು ಎಂದು ಮುಂಚೆಯೇ ಫೋನು ಮಾಡಿ ನನಗೆ ತಿಳಿಸುವವರು ಯಾರೂ ಇರಲಿಲ್ಲ.